ವಿಜ್ಞಾನದ ಕೋಣೆಯ ದಾವೂದ್

೧೯೩೪ರಲ್ಲಿ ಶಿರಸಿಯ ಒಂದು ಹೈಸ್ಕೂಲಿನ ವಿಜ್ಞಾನದ ಕೋಣೆಗೆ ದಾವೂದ್ ಸಿಪಾಯಿಯಾಗಿದ್ದ. ಹಂಗಾಮಿ ಸಿಪಾಯಿ, ಆರು ವರ್ಷದಿಂದಲೂ ಹಂಗಾಮಿ. ಸ್ಪಿರಿಟ್ ದೀಪಗಳ ನಡುವೆ ಬದುಕುವ ಅವನಿಗೆ ಬೆಂಕಿಯದೇ ಚಿಂತೆ. ಮೇಜಿನ ಕೆಳಗೆ ಒಂದು ಬಕೇಟು ಒಣಮರಳು, ಪಕ್ಕದಲ್ಲಿ ನೀರಲ್ಲಿ ಅದ್ದಿದ ಗೋಣಿತಟ್ಟು ಇರಲೇಬೇಕು. ವಿಜ್ಞಾನದ ರಘುಪತಿ ಮಾಸ್ತರರಿಗೋ ಆ ಬಕೇಟು ಎಲೆಯಡಿಕೆಯ ಕವಳ ಉಗುಳಲು ಬಲು ಅನುಕೂಲ.

"ಮಾಸ್ತರ್ರೆ, ಅದು ಬೆಂಕಿಗೆ ಇಟ್ಟದ್ದು, ಬಾಯಿಗಲ್ಲ" ಎಂದು ಹೇಳಿ ಸೋತ ದಾವೂದ್, ಕೊನೆಗೆ ಬಕೇಟಿಗೆ ಬಟ್ಟೆ ಮುಚ್ಚಿದ.

ಮಳೆಗಾಲದಲ್ಲಿ ಮರಳು ಮುದ್ದೆಯಾಗುತ್ತಿತ್ತು. ಮುದ್ದೆಯಾದದ್ದು ಬೆಂಕಿಯ ಮೇಲೆ ಹರಡುವುದಿಲ್ಲ. ಅವನ ಹೆಂಡತಿ ಜೊಹರಾ ಮನೆಯಲ್ಲಿ ಕಾದ ಮರಳಲ್ಲಿ ಮಂಡಕ್ಕಿ ಹುರಿದು ಮಾರುತ್ತಿದ್ದಳು. ಅದೇ ಬಾಣಲೆಯಲ್ಲಿ ಶಾಲೆಯ ಮರಳೂ ಒಣಗುತ್ತಿತ್ತು.

"ಬೇರೆಯೋರ ಗಂಡಂದಿರು ಸೀರೆ ತರ್ತಾರೆ, ನಮ್ಮೋರು ಮರಳು ತರ್ತಾರೆ" ಎನ್ನುತ್ತಲೇ ಹುರಿದುಕೊಡುತ್ತಿದ್ದಳು.

ಆ ಶ್ರಾವಣದಲ್ಲಿ ಧಾರವಾಡದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಅವರು ಮೆಚ್ಚಿದರೆ ದಾವೂದನ ನೌಕರಿ ಕಾಯಂ, ಇಲ್ಲದಿದ್ದರೆ ಅವನು ಮನೆಗೆ. ನೆಲ ತೊಳೆಯಲು ಅವನು ಬೆಳಿಗ್ಗೆಯೇ ಓಡಿದ್ದ. ಜೊಹರಾಳ ತಮ್ಮ ಹಯಾತ್ ಎರಡು ಬಕೇಟನ್ನು ಗಾಡಿಗೆ ಹೇರಿಕೊಂಡು ಹೊರಟ: ಮರಳಿನದು ಶಾಲೆಗೆ, ಮಂಡಕ್ಕಿಯದು ಅಂಗಡಿಗೆ. ಎರಡಕ್ಕೂ ಬಟ್ಟೆ ಮುಚ್ಚಿತ್ತು. ಯಾವುದು ಎಲ್ಲಿಗೆಂದು ಅಕ್ಕ ಮೂರು ಸಲ ಹೇಳಿದ್ದಳು. ಬೀಡಿ ಹಚ್ಚುವ ಗಡಿಬಿಡಿಯಲ್ಲಿ ಅವನು ಮೂರು ಸಲವೂ ಕೇಳಿರಲಿಲ್ಲ. ಒಂದು ಬಕೇಟನ್ನು ಶಾಲೆಯ ಮೇಜಿನ ಕೆಳಗೆ ತಳ್ಳಿ ಹೋದ.

ಸಾಹೇಬರ ಮುಂದೆ ಪ್ರಯೋಗ ತೋರಿಸುವ ಉತ್ಸಾಹದಲ್ಲಿ ರಘುಪತಿ ಮಾಸ್ತರರು ಕೈ ಬೀಸಿದರು. ಸ್ಪಿರಿಟ್ ದೀಪ ಉರುಳಿ, ನೀಲಿ ಜ್ವಾಲೆ ಮೇಜಿನುದ್ದ ಹರಿಯಿತು.

"ನೀರು ತಗಂಡು ಬಾರಾ!"

"ನೀರು ಬೇಡ ಮಾಸ್ತರ್ರೆ, ನೆಲಕ್ಕೆಲ್ಲ ಹರಡ್ತದೆ!" ದಾವೂದ್ ಬಕೇಟಿಗೆ ಕೈ ಹಾಕಿದ. ಬಕೇಟು ಹಗುರವಾಗಿ ಮೇಲೆದ್ದಿತು, ಅವನ ಎದೆ ಭಾರವಾಯಿತು. ಆದರೆ ಬೀಸಿದ ಕೈ ನಿಲ್ಲಲಿಲ್ಲ. ಮೇಜಿನ ಮೇಲೆ, ಮಾಸ್ತರರ ಮೇಲೆ, ಸಾಹೇಬರ ಪೇಟದ ಮೇಲೆ ಮಂಡಕ್ಕಿಯ ಮಳೆ! ಬೆಂಕಿಗೂ ಅದು ರುಚಿಸಿತು.

ಮರುಕ್ಷಣವೇ ಅವನು ಒದ್ದೆ ಗೋಣಿತಟ್ಟನ್ನು ಎಳೆದು ಮೇಜಿಗೆ ಹೊದಿಸಿ, ಅಂಚುಗಳನ್ನು ಒತ್ತಿ ಹಿಡಿದ. ಚುಂಯ್ ಎಂದಿತು. ಬೆಂಕಿ ಆರಿತು.

"ಎಂತದಾ ಮಾರಾಯ, ಬೆಂಕಿಗೆ ಫಳಾರ ಹಾಕಿದ್ಯಾ?" ಎಂದರು ಮಾಸ್ತರರು.

ಸಾಹೇಬರು ಪೇಟ ಕೊಡವಿದರು. "ಮರಳ ಎಲ್ಲಿ ಹೋತೋ?"

"ಅಂಗಡಿಗೆ ಹೋಗಿರ್ಬೇಕು ಸಾಹೇಬ್ರೆ. ಮಂಡಕ್ಕಿ ಕೊಂಡೋರ ಹಲ್ಲು ಖುದಾನೇ ಕಾಯ್ಬೇಕು."

ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಒಂದು ಕೈಕೊಟ್ರ ಇನ್ನೊಂದು ಇರ್ಲಿ ಅಂತ ಗೋಣಿ ಇಟ್ಟಿದ್ದೇನು?"

"ಹೌದು. ದೀಪ ಹಚ್ಚೋಕೆ ಮುಂಚೆ ಆರ್ಸೋದು ಹೆಂಗೆ ಅಂತ ನೋಡ್ಕೋಬೇಕಲ್ಲ."

ಅಲ್ಲೇ ನಿಂತು ಸಾಹೇಬರು ಕಾಗದದಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು.

ಸಂಜೆ ದಾವೂದ್ ಎದುರಾದವರಿಗೆಲ್ಲ ಸಲಾಂ ಹೊಡೆಯುತ್ತ ಮನೆಗೆ ನಡೆದ. ಒಬ್ಬರಿಗೇ ಎರಡು ಸಲ ಹೊಡೆದ.

"ಏನಾಯ್ತೋ ನಿಂಗೆ?" ಎಂದರು ಅವರು.

"ಕಾಯಂ ಆಯ್ತು!"