ಬರ್ತೀನಿ ಅಂದರೆ ಓಡುವುದು

ಡಾಕ್ಟರಮ್ಮನ ಬಲಗೈ ತೋರುಬೆರಳು ಎಡಕ್ಕೆ ವಾಲಿತ್ತು. ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ಕಬಡ್ಡಿಯಲ್ಲಿ ಮುರಿದು ಸೊಟ್ಟಗೇ ಕೂಡಿಕೊಂಡಿದ್ದ ಬೆರಳು. ಊರವರ ಮೂಳೆಗಳನ್ನೆಲ್ಲ ನೆಟ್ಟಗೆ ಮಾಡಿದ ಡಾಕ್ಟರು ತಮ್ಮದನ್ನು ಮಾತ್ರ ಹಾಗೇ ಬಿಟ್ಟಿದ್ದರು. ಆ ಬೆರಳಿನಿಂದ ಅವರು ನೇರ ಓಡಿ ಎಂದು ತೋರಿಸಿದರೆ ನಮ್ಮ ತಂಡ ಎಡಕ್ಕೆ ಓಡುತ್ತಿತ್ತು.

ನಾನು ಮೈಸೂರಿನಿಂದ ಕೆನಡಾದ ಒಶಾವಾದ ಚಿಕ್ಕ ಕಾಲೇಜೊಂದಕ್ಕೆ ಓದಲು ಬಂದಾಗ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಆಟ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡಬೇಕು; ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಎದುರಾಳಿ ಕಿತ್ತರೆ ಅಲ್ಲಿಗೇ ನಿಲ್ಲಬೇಕು. ಶಾಲೆಯಲ್ಲಿ ಥ್ರೋಬಾಲ್ ಆಡಿದ್ದೆನೆಂದು ಚೆಂಡೆಸೆಯುವ ಕೆಲಸ ನನಗೆ ಬಂತು. ಕೋಚ್ ಆಗಲು ಯಾರೂ ಸಿಗಲಿಲ್ಲ. ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮೇಲಿನ ಮನೆಯಲ್ಲಿದ್ದ ಡಾಕ್ಟರಮ್ಮ, ರಿಟೈರಾಗಿ ಬೇಸತ್ತಿದ್ದವರು, ಒಂದು ಸಂಜೆ ನೋಡಲು ಬಂದು ಅಲ್ಲೇ ಠಿಕಾಣಿ ಹೂಡಿದರು.

"ಇದು ಕಬಡ್ಡಿನ ಐತಿ. ಉಸುರು ಬಿಡ್ಲಿಕ್ಕೆ ಪರವಾನಗಿ ಕೊಟ್ಟಾರ, ಅಷ್ಟ," ಎಂದರು. ಚೆಂಡನ್ನು ಕೊನೆಯವರೆಗೂ ಬದನಿಕಾಯಿ ಎಂದೇ ಕರೆದರು. ಎದುರಾಳಿಯ ಮುಖ ನೋಡಿದರೆ ಬೈಗುಳ: "ಕಣ್ಣು ಸುಳ್ಳ ಹೇಳತಾವ, ಸೊಂಟ ಹೇಳೂದಿಲ್ಲ."

ಬೆರಳನ್ನು ನಂಬಿ ಕೆಟ್ಟ ಮೇಲೆ ಕನ್ನಡದಲ್ಲಿ ಕೂಗುವುದೆಂದಾಯಿತು. "ಬಾ" ಅಂದರೆ ಹತ್ತಿರ ಬಂದು ಚೆಂಡು ಹಿಡಿ, "ಹೋಗು" ಅಂದರೆ ದೂರ ಓಡು. ನಮ್ಮ ಓಟಗಾರ್ತಿ ಹರ್ಲೀನ್ ಪಂಜಾಬಿ ಧಾಟಿಯಲ್ಲೇ ಎರಡನ್ನೂ ಕಲಿತಳು. ಆದರೂ ಆಡಿದ್ದೆಲ್ಲ ಸೋತೆವು. ಉಳಿದದ್ದು ಒಂದೇ ಪಂದ್ಯ. ಅದೂ ಹೋದರೆ ಮುಂದಿನ ವರ್ಷ ತಂಡವೇ ಇಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

ಆ ದಿನ ನಾವು "ಹೋಗು" ಎಂದಾಗಲೆಲ್ಲ ಎದುರು ತಂಡದ ಹುಡುಗಿಯೊಬ್ಬಳು ಮೊದಲೇ ಹಿಂದೆ ಸರಿದು ನಿಂತಿರುತ್ತಿದ್ದಳು. ವಿರಾಮದ ಹೊತ್ತಿಗೆ ನಾವು ಹಿಂದೆ ಬಿದ್ದಿದ್ದೆವು. ಡಾಕ್ಟರಮ್ಮ ಗೆರೆಯಾಚೆ ನಿಂತಿದ್ದ ಆ ಹುಡುಗಿಯ ತಾಯಿಯನ್ನು ಮಾತಾಡಿಸಿ ನಗುತ್ತ ಬಂದರು.

"ಆಕಿ ನಮ್ಮಾಕಿನ. ಇಲ್ಲೇ ಹುಟ್ಟಿ ಬೆಳದಾಕಿ, ಜಾರ್ಜ್‌ಟೌನ್‌ದಾಕಿ. ಅವ್ವ ಬೆಂಗಳೂರಾಕಿ. ಕನ್ನಡ ತಿಳೀತೈತಂತ, ಬಾಯಾಗ ಬರೂದಿಲ್ಲಂತ. ಮನೀಂದ ಹೊರಗ ಹೊಂಟಾಗ ನಾವು ಏನಂತೀವಿ?"

"ಬರ್ತೀನಿ ಅಂತೀವಿ, ಆಂಟಿ."

"ಹೌದಲ್ಲ? ಅಂತೀವಿ ಬರ್ತೀನಿ, ಹೋಗೂದು ದೂರ. ಹರ್ಲೀನಗ ಹೇಳು."

ಕೊನೆಯ ಸರದಿಗೆಂದು ಅದನ್ನು ಬಚ್ಚಿಟ್ಟೆವು. ಆಗಲೂ ನಾವು ಹಿಂದೆಯೇ ಇದ್ದೆವು, ಒಂದು ಸಲ ಚೆಂಡು ಹಿಡಿದು ಮೈದಾನದ ತುದಿಯ ಗೆರೆ ದಾಟಿದರೆ ಗೆಲುವು. ನಾನು ಗಂಟಲು ಹರಿಯುವಂತೆ "ಬರ್ತೀನಿ" ಎಂದು ಕೂಗಿದೆ. ಜಾರ್ಜ್‌ಟೌನ್ ಹುಡುಗಿ "ಶಾರ್ಟ್, ಶಾರ್ಟ್" ಎನ್ನುತ್ತ, ಎಸೆತ ಹತ್ತಿರಕ್ಕೇ ಎಂದು ನಂಬಿ ಮುಂದೆ ನುಗ್ಗಿದಳು. ಹರ್ಲೀನ್ ಅವಳ ಪಕ್ಕದಲ್ಲೇ ಹಾದು ದೂರ ಓಡಿದಳು. ಥ್ರೋಬಾಲಿನ ಅಷ್ಟೂ ವರ್ಷಗಳ ಬಲ ಹಾಕಿ ಎಸೆದೆ. ಅವಳು ಹಿಡಿದಳು, ಗೆರೆ ದಾಟಿದಳು. ಡಾಕ್ಟರಮ್ಮ ಸೀರೆಯ ಮೇಲಿನ ದಪ್ಪ ಜಾಕೆಟ್ ಕಿತ್ತೆಸೆದು, ತೊಡೆ ತಟ್ಟಿ ಮೈದಾನಕ್ಕೇ ನುಗ್ಗಿದರು. ಅಷ್ಟು ಸಂತೋಷ ನನಗೆ ಮುಂದೆ ಡಿಗ್ರಿ ಬಂದಾಗಲೂ ಆಗಲಿಲ್ಲ.

ಆಚೆ ಬದಿಯಲ್ಲಿ ಆ ತಾಯಿ ಮಗಳಿಗೆ ಹೇಳುತ್ತಿದ್ದರು: "ದಿನಾ ಶಿಫ್ಟಿಗೆ ಹೊರಡುವಾಗ ನಾನು ಬರ್ತೀನಿ ಅಂತ ಹೇಳಿ ಹೋಗಲ್ವೇನೇ?"

"ದಟ್ಸ್ ನಾಟ್ ಫೇರ್, ಅಮ್ಮ."

ತಂಡ ಉಳಿಯಿತು.

ಹೋದ ಚಳಿಗಾಲ ಆಸ್ಪತ್ರೆಯಲ್ಲಿ, ಹಾಸಿಗೆ ಹಿಡಿದಿದ್ದ ಡಾಕ್ಟರಮ್ಮನ ಪಕ್ಕ ಕೂತಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದಾಗ, ನಾನು ಹೇಳಬೇಕಾದ್ದನ್ನು ಅವರೇ ಹೇಳಿದರು: "ಬರ್ತೀನಿ, ತಂಗಿ." ಹೊರಟು ನಿಂತವಳು ನಾನು. ಅರ್ಥವಾಯಿತು, ಆಗದವಳಂತೆ "ಆಗಲಿ ಆಂಟಿ" ಅಂದೆ. ಆ ವಾರವೇ ಹೋಗಿಬಿಟ್ಟರು.

ಈಗ ಆ ತಂಡಕ್ಕೆ ನಾನೇ ಕೋಚ್. ಮೊನ್ನೆ ಶನಿವಾರ ಕೊನೆಯ ಸರದಿಯಲ್ಲಿ "ಬರ್ತೀನಿ" ಎಂಬ ಕೂಗು ಬಿದ್ದದ್ದೇ, ಕನ್ನಡದ ಗಂಧಗಾಳಿಯಿಲ್ಲದ ಹೊಸ ಹುಡುಗಿಯೊಬ್ಬಳು ಹಿಂದೆ ನೋಡದೆ ಮೈದಾನದ ತುದಿಗೆ ಓಡಿದಳು. ಅಲ್ಲಿ ತಿರುಗಿ ಕೈ ಚಾಚಿದಳು. ಬದನಿಕಾಯಿ ಬಂದು ಕೈಗೆ ಬಿತ್ತು.