ಹುಣಸೆಮರದ ಗಾಳಿ

ಬ್ಯಾಟರಾಯನಪುರದಲ್ಲಿ ಕಚೇರಿ ಕೆಲಸಕ್ಕೆ ಮೊದಲು ಸೇರಿದವನು ನಮ್ಮ ಪಕ್ಕದ ಮನೆಯ ಅಶ್ವತ್ಥಪ್ಪ. ವಾರಿಗೆಯವರೆಲ್ಲ ನೇಗಿಲ ಹಿಂದೆ ನಡೆಯುತ್ತಿದ್ದಾಗ ಇವನು ಸೈಕಲ್ ಹತ್ತಿ ಬಳ್ಳಾರಿ ರಸ್ತೆ ಹಿಡಿಯುತ್ತಿದ್ದ. ಹೆಬ್ಬಾಳದ ಕೆರೆ ದಾಟಿ, ಮೇಖ್ರಿ ಸರ್ಕಲ್ಲಿನ ಏರು ಹತ್ತಿ, ಕಬ್ಬನ್ ಪಾರ್ಕಿನ ಪಕ್ಕದ ಸರ್ಕಾರಿ ಕಚೇರಿ ಸೇರುತ್ತಿದ್ದ. ಕಚ್ಚೆಪಂಚೆಯನ್ನು ಚೈನಿಗೆ ಸಿಗದಂತೆ ಮೇಲಕ್ಕೆ ಸಿಕ್ಕಿಸಿ, ಕರಿಕೋಟನ್ನು ಮಡಿಸಿ ಕ್ಯಾರಿಯರಿಗೆ ಕಟ್ಟಿ ಹೊರಡುವುದು ರೂಢಿ. ಕೋಟು ಮೈಗೇರುತ್ತಿದ್ದುದು ಕಚೇರಿಯ ಕಾಂಪೌಂಡಿನೊಳಗೇ. ಊರಿನಿಂದಲೇ ಹಾಕಿಕೊಂಡು ತುಳಿದರೆ ಕೋಟು ಗುಮಾಸ್ತನಂತೆ ಇರುತ್ತದೆ, ಒಳಗಿರುವವನು ನೆನೆದ ಕೋಳಿಯಂತೆ ಆಗುತ್ತಾನೆ ಎಂಬುದು ಅವನ ಲೆಕ್ಕಾಚಾರ.

ಅವನ ಸೈಕಲ್ ಊರಿಗೆಲ್ಲ ಬೇಕಾದ ಎತ್ತು. ಒಬ್ಬಳು ಅಜ್ಜಿಗೆ ಕಣ್ಣಿನ ಔಷಧಿ, ಇನ್ನೊಬ್ಬಳಿಗೆ ಮಗಳ ಜಡೆಗೆ ಟೇಪು, ಮತ್ತೊಬ್ಬರಿಗೆ ಅವೆನ್ಯೂ ರಸ್ತೆಯ ಪಂಚಾಂಗ. ಯಾರಿಗೂ ಇಲ್ಲವೆನ್ನದೆ ಸಂಜೆ ಎಲ್ಲವನ್ನೂ ಹ್ಯಾಂಡಲಿಗೆ ತೂಗುಹಾಕಿಕೊಂಡು ಬರುವಾಗ ಸಂತೆಯೇ ಎರಡು ಚಕ್ರದ ಮೇಲೆ ಬಂದಂತೆ ಕಾಣುತ್ತಿತ್ತು. ಗಾಳಿಗೆ ಎದೆಯೊಡ್ಡಿ ಹಾಡಿಕೊಂಡು ತುಳಿಯುವುದೆಂದರೆ ಅವನಿಗೆ ಹಬ್ಬದೂಟ.

ಆ ಹಬ್ಬದೂಟಕ್ಕೆ ಕಲ್ಲು ಬಿದ್ದದ್ದು ಮೈಸೂರು ರಾಜ್ಯಕ್ಕೆ ಹೊಸ ಜಿಲ್ಲೆಗಳು ಸೇರಿದ ಮರುವರ್ಷ, ಶಿವರಾತ್ರಿ ಕಳೆದ ಮೇಲೆ. ದ್ರಾಕ್ಷಿ ಹಣ್ಣಾಗುವ ಕಾಲ. ತೋಟಗಳಿಗೆ ಬೇಲಿ ಬಿಗಿಮಾಡಲು ಜಾಲಿಮುಳ್ಳು ಹೇರಿಕೊಂಡು ಹೋಗುವ ಗಾಡಿಗಳು ಕೊಡಿಗೆಹಳ್ಳಿ ದಾಟಿದ ಕೂಡಲೇ ಸಿಗುವ ದೊಡ್ಡ ಹುಣಸೆಮರದ ನೆರಳಲ್ಲಿ ಎತ್ತು ಬಿಟ್ಟು ದಣಿವಾರಿಸಿಕೊಳ್ಳುತ್ತಿದ್ದವು. ಗಾಡಿ ಹೋದರೂ ಮುಳ್ಳು ಅಲ್ಲೇ ಉಳಿಯುತ್ತಿತ್ತು. ಅಶ್ವತ್ಥಪ್ಪನ ಟೈರು ಮರದಡಿಗೆ ಬಂತೆಂದರೆ ಬುಸ್. ಅಲ್ಲೇ ಕುಕ್ಕರಗಾಲಲ್ಲಿ ಕೂತು ಪಂಪಿನಿಂದ ಗಾಳಿ ಹೊಡೆಯುವುದು, ಅದು ನಿಲ್ಲುವಷ್ಟು ದೂರ ತುಳಿಯುವುದು, ಮಿಕ್ಕ ದೂರ ತಳ್ಳಿಕೊಂಡು ಹೆಬ್ಬಾಳದ ಅತಾವುಲ್ಲಾನ ಸೈಕಲ್ ಶಾಪು ಸೇರುವುದು. ನಿಮ್ಮ ಟ್ಯೂಬಿನಲ್ಲಿ ಈಗ ರಬ್ಬರಿಗಿಂತ ನನ್ನ ತೇಪೆಯೇ ಜಾಸ್ತಿ ಎಂದು ಅತಾವುಲ್ಲಾ ನಗುತ್ತಿದ್ದ. ಕಚೇರಿಯ ಮ್ಯಾನೇಜರು ವೆಂಕಟರಾಮಯ್ಯನವರು ನಗಲಿಲ್ಲ.

ಅವರು ಒಂದು ಸೋಮವಾರ ಬಾಗಿಲಲ್ಲೇ ತಡೆದು ನಿಲ್ಲಿಸಿದರು. "ರಾಯಚೂರಿನ ಕಚೇರಿಗೆ ಜನ ಬೇಕಂತೆ ಕಣಯ್ಯ. ಇನ್ನೊಂದು ದಿನ ತಡವಾಗಿ ಬಾ, ನಿನ್ನ ಹೆಸರೇ ಕಳಿಸ್ತೀನಿ. ಅಲ್ಲಿ ಕಚೇರಿ ಪಕ್ಕದಲ್ಲೇ ಮನೆ ಮಾಡ್ಕೋ, ಸೈಕಲ್ ಕಾಟವೇ ಇರಲ್ಲ."

ರಾಯಚೂರಿನ ಮೇಲೆ ಅಶ್ವತ್ಥಪ್ಪನಿಗೇನೂ ಹಗೆಯಿರಲಿಲ್ಲ. ಆದರೆ ಬೆಳಿಗ್ಗೆ ಕೆರೆಯ ತಂಗಾಳಿಯಲ್ಲಿ ಹೋಗಿ ಸಂಜೆ ಊರಿನ ಹೊಗೆಯ ವಾಸನೆಗೆ ಮರಳುವ ಬಾಳು ತಪ್ಪಿದರೆ ಅವನು ದಡಕ್ಕೆ ಬಿದ್ದ ಮೀನು. ಆ ಸಂಜೆ ಮೋರೆ ಇಳಿಬಿಟ್ಟು ಬಂದವನನ್ನು ತಾಯಿ ಮಾರಮ್ಮ ಏನಾಯಿತೆಂದು ಕೇಳಿದಳು. ಇಬ್ಬರ ಮಾತೂ ನಮ್ಮ ಜಗಲಿಗೆ ಕೇಳುತ್ತಿತ್ತು.

"ಇನ್ನೇನವ್ವ, ಹುಣಸೆಮರದ ತಾವ ಅದೇ ಗಾಳಿ ಕಾಟ."

ನಮ್ಮ ಕಡೆ ಗಾಳಿ ಎಂದರೆ ಟೈರಿನೊಳಗೆ ತುಂಬುವುದೂ ಗಾಳಿ, ಮನುಷ್ಯನ ಮೈಮೇಲೆ ಬರುವುದೂ ಗಾಳಿ. ಜೊತೆಗೆ ಹುಣಸೆಮರ ಸೇರಿದರೆ ಕೇಳಿದವರಿಗೆ ಎರಡನೆಯದೇ ಖಚಿತ. ಮಾರಮ್ಮನ ಕೈಯ ಮೊರ ಅಲ್ಲೇ ನಿಂತಿತು.

"ಎಷ್ಟು ದಿನದಿಂದ್ಲೋ ಮಗ?"

"ಶಿವರಾತ್ರಿ ಆದಾಗಿನಿಂದ. ಒಂದಿನ ಮುಂದೆ, ಒಂದಿನ ಹಿಂದೆ."

"ಸದ್ದೇನಾದ್ರೂ ಮಾಡ್ತದಾ?"

"ಬುಸ್ ಅಂತದೆ. ಆಮೇಲೆ ಒಂದೆಜ್ಜೆ ಮುಂದಕ್ಕೋಗಾಕಾಗಲ್ಲ. ಅತಾವುಲ್ಲಾನ ಕೈ ಮುಟ್ಟಿದ ಮೇಲೇ ಸರಿಹೋಗೋದು."

ಸಾಬರ ಮಂತ್ರದಿಂದಲೂ ಪೂರ್ತಿ ಬಿಡದ ಗಾಳಿ ಎಂದಮೇಲೆ ಮಾರಮ್ಮ ಮತ್ತೇನೂ ಕೇಳಲಿಲ್ಲ. ಮಗನಿಗೆ ಹೇಳಿದರೆ ಓದಿದವನು ನಗುತ್ತಾನೆಂದು ಬಾಯಿ ಹೊಲಿದುಕೊಂಡಳು. ಮಾರನೆಯ ದಿನ ಮಂಗಳವಾರ. ಕೋಳಿ ಕೂಗುವ ಹೊತ್ತಿಗೆ ಪೊರಕೆ, ಸಗಣಿ, ನೀರಿನ ಬಿಂದಿಗೆ ಹೊತ್ತು ಹುಣಸೆಮರಕ್ಕೆ ಹೊರಟಳು. ಗಾಳಿಗೆ ಎಡೆಯಿಡುವ ನೆಲದಲ್ಲಿ ಕಸಕಡ್ಡಿ ಇರಬಾರದೆಂಬುದು ಹಿರಿಯರ ಕಟ್ಟಳೆ. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಗುಡಿಸಿ, ಸಾರಿಸಿ, ಮುತ್ತುಗದ ಎಲೆಯ ಮೇಲೆ ಕುಂಕುಮ ಕಲಸಿದ ಅನ್ನವಿಟ್ಟು, ದಾರಿಗೆ ಅಡ್ಡಲಾಗಿ ನಿಂಬೆಹಣ್ಣುಗಳನ್ನು ಸಾಲಿಟ್ಟಳು. ಹಿಂದೆ ತಿರುಗಿ ನೋಡದೆ ಹೊಲದ ಬದುವಿನ ಮೇಲೆ ಮನೆಗೆ ಬಂದಳು.

ಕೊಂಚ ಹೊತ್ತಿಗೆ ಅಶ್ವತ್ಥಪ್ಪ ಅಲ್ಲಿಗೆ ಬಂದ. ನಿಂಬೆಹಣ್ಣು ಕಂಡದ್ದೇ ಬ್ರೇಕು ಹಾಕಿದ. ಯಾರೋ ಪೀಡೆ ನಿವಾಳಿಸಿ ಇಳಿ ತೆಗೆದಿಟ್ಟದ್ದನ್ನು ದಾಟಬಾರದೆಂಬುದು ಅವನಿಗೂ ಹಾಲಿನ ಜೊತೆ ಬಂದ ಬುದ್ಧಿ. ಎಡಕ್ಕೆ ಕೆಸರುಗದ್ದೆ, ಬಲಕ್ಕೆ ದ್ರಾಕ್ಷಿತೋಟದ ಮುಳ್ಳುಬೇಲಿ. ಸುತ್ತಿಕೊಂಡು ಹೋದರೆ ಹೊತ್ತು ಮೀರುತ್ತದೆ, ಮೀರಿದರೆ ರಾಯಚೂರು. ದಾಟಿದರೆ ಯಾರದೋ ಪೀಡೆ ತನಗೆ. ಕಾಲೂರಿ ನಿಂತವನಿಗೆ ಆಯುಧಪೂಜೆಯ ನೆನಪಾಯಿತು. ಸೈಕಲ್ ಚಕ್ರದಡಿ ನಿಂಬೆಹಣ್ಣು ಇಡುವುದು ಹತ್ತಿಸಲೆಂದೇ ಅಲ್ಲವೇ? ಕಾಲು ತಾನೇ ದಾಟಬಾರದು, ಚಕ್ರ ದಾಟಬಾರದೆಂದು ಯಾರು ಹೇಳಿದ್ದಾರೆ? ದೇವರನ್ನು ನೆನೆದು, ಪೆಡಲಿನ ಮೇಲಿಟ್ಟ ಕಾಲನ್ನು ನೆಲಕ್ಕೆ ಸೋಕಿಸದೆ, ನಿಂಬೆಹಣ್ಣಿನ ಮೇಲೇ ಬಿಟ್ಟ. ಪಿಚಕ್ಕೆಂದಿತು. ಟೈರು ಬುಸ್ಸೆನ್ನಲಿಲ್ಲ. ವೆಂಕಟರಾಮಯ್ಯನವರು ಬಾಗಿಲಿಗೆ ಬರುವ ಮೊದಲೇ ಅವನು ಕೋಟಿನ ಗುಂಡಿ ಹಾಕುತ್ತಿದ್ದ.

ಮಾರಮ್ಮನ ಪೂಜೆ ದಿನವೂ ನಡೆಯಿತು. ಗಾಡಿಯವರಿಗೆ ಕುಂಕುಮದ ಅನ್ನ ಕಂಡದ್ದೇ ಸಾಕಾಯಿತು. ಎತ್ತಿನ ಬಾಲ ತಿರುಚಿ, ಆಚೆಯ ಬೇವಿನಮರದವರೆಗೂ ನಿಲ್ಲದೆ ಹೊಡೆದುಕೊಂಡು ಹೋಗತೊಡಗಿದರು. ಅಶ್ವತ್ಥಪ್ಪ ವಾರವೆಲ್ಲ ಹೊತ್ತಿಗೆ ಸರಿಯಾಗಿ ಕಚೇರಿ ಸೇರಿದ. ಒಂದು ಸಂಜೆ ಉಣ್ಣುತ್ತಾ, ಹುಣಸೆಮರದಡಿ ಯಾರೋ ನಿಂಬೆಹಣ್ಣು ಇಡುತ್ತಿದ್ದಾರೆ, ನಾನು ದಿನಾ ಹತ್ತಿಸಿಕೊಂಡು ಹೋಗುತ್ತೇನೆ ಎಂದು ತಾಯಿಯ ಮುಂದೆ ಜಂಬ ಕೊಚ್ಚಿದ.

"ನಾನೇ ಕಣೋ ಇಟ್ಟಿದ್ದು, ನಿನ್ನ ಗಾಳಿ ಹೋಗ್ಲಿ ಅಂತ," ಎಂದಳು ಮಾರಮ್ಮ.

"ಅಯ್ಯೋ ಅವ್ವ, ನನ್ನ ಗಾಳಿ ಹೋಗಬಾರ್ದು ಅಂತಲ್ವಾ ನಾನು ಬಡ್ಕೊಂಡಿದ್ದು," ಎಂದು ಅಶ್ವತ್ಥಪ್ಪ ಮುದ್ದೆಯ ತಟ್ಟೆ ಬಿಟ್ಟು ನಕ್ಕು ಉರುಳಿದ. ಟೈರು, ಟ್ಯೂಬು, ಮುಳ್ಳು ಎಲ್ಲವನ್ನೂ ಬಿಡಿಸಿ ಹೇಳಿದ.

ಮಾರಮ್ಮ ಕೇಳಿ ಮುಗಿಸಿ ಸೆರಗು ಸರಿಮಾಡಿಕೊಂಡಳು. "ಅದ್ಕೇ ಅಂತೀನಿ. ಮೊದಲ್ನೇ ದಿನ ಗುಡಿಸ್ದಾಗ ಒಂದು ಮಕ್ಕರಿ ಮುಳ್ಳು ಬಂತು. ಗಾಳಿಗೆ ಇಷ್ಟೊಂದು ಹಲ್ಲಾ ಅಂದ್ಕೊಂಡೆ."

ಯುಗಾದಿ ಕಳೆದು ರಾಯಚೂರಿಗೆ ಹೋಗುವವರ ಹೆಸರು ಹೊರಬಿತ್ತು. ಹೋದವರು ಬೇರೊಬ್ಬರು, ಬಡ್ತಿ ಸಿಕ್ಕಿದ್ದರಿಂದ ಖುಷಿಯಾಗಿಯೇ ಹೋದರು. ಅಂದು ಅಶ್ವತ್ಥಪ್ಪ ಮೇಖ್ರಿ ಸರ್ಕಲ್ಲಿನ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟುಕೊಂಡು ಬಂದನಂತೆ. ತಾಯಿಗೆ ಸುದ್ದಿ ಹೇಳಿ, ಇನ್ನು ಮೇಲೆ ಹೊರಡುವ ಮೊದಲು ಮರದಡಿ ನಾನೇ ಗುಡಿಸುತ್ತೇನೆ ಎಂದ. ಮಾರಮ್ಮ ಒಪ್ಪಲಿಲ್ಲ. ಗುಮಾಸ್ತ ರಸ್ತೆ ಗುಡಿಸಿದರೆ ಊರು ಏನಂದೀತು ಎಂದು, ದ್ರಾಕ್ಷಿ ಕೊಯ್ಲು ಮುಗಿಯುವವರೆಗೂ ತಾನೇ ಹೋಗಿ ಬಂದಳು. ನಿಂಬೆಹಣ್ಣನ್ನೂ ಬಿಡಲಿಲ್ಲ. ಗಾಡಿಯವರು ಪೊರಕೆಗೆ ಹೆದರುವವರಲ್ಲವಲ್ಲ.