ಒಲೆಯೋ, ಬಿಸಿಲೋ

ಚಷ್ಮಾ ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, ಗೋಡೆಗೆ ಮೂಗು ತಾಗುವಷ್ಟು ಬಾಗಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು ನಮ್ಮ ಕಾಕಾ. ಉಸಿರು ತಾಗಿದರೂ ಪಾದರಸ ಏರುತ್ತದಂತೆ! ಮಾಸ್ತರಿಕೆ ಮುಗಿಸಿ ಖಾನಾಪುರದಲ್ಲಿ ನೆಲೆಸಿದ್ದ ಅವರು, ಬೆಳಗಾವಿಯ ಕ್ಯಾಂಪಿನಲ್ಲಿ ಸಾಹೇಬನೊಬ್ಬ ವಿಲಾಯತಿಗೆ ಮರಳುವಾಗ ಹರಾಜಿಗಿಟ್ಟ ಥರ್ಮಾಮೀಟರನ್ನು ತಂದು ಹಿತ್ತಿಲ ಗೋಡೆಗೆ ತೂಗುಹಾಕಿದ್ದರು. ಪ್ರತಿ ಬೇಸಿಗೆಯಲ್ಲೂ ಪಾದರಸ ಮುಟ್ಟಿದ ಎತ್ತರಕ್ಕೆ ಪಕ್ಕದಲ್ಲೇ ಇದ್ದಲಿಯಿಂದ ಒಂದು ಗೆರೆ ಎಳೆಯುತ್ತಿದ್ದರು.

ಗೆರೆಗಳು ವರ್ಷ ವರ್ಷ ಮೇಲೇರಿದಾಗ ಕಾಕಾನ ನಿದ್ದೆ ಹಾರಿತು. ಅವರ ಹೆಂಡತಿ, ನಮ್ಮ ಕಾಕು, ಬಿಸಿಲು ತಾಳದ ಜೀವ; ಚೈತ್ರದಲ್ಲೇ ತಲೆಸುತ್ತಿ ಬೀಳುವವರು.

"ಬಿಸಿಲು ಖಾನಾಪುರಕ್ಕಷ್ಟ ಏರೈತೋ, ಎಲ್ಲಾ ಕಡೆ ಏರೈತೋ? ಇಲ್ಲಷ್ಟ ಅಂದ್ರ ಮನಿ ಮಾರಿ ಆಕೀನ್ನ ಕರಕೊಂಡು ಬೆಳಗಾವಿಗೆ ಬರ್ತೀನಿ. ಎಲ್ಲಾ ಕಡೆ ಅಂದ್ರ ಎಲ್ಲಿಗಂತ ಹೋಗ್ಲಿ? ನೀ ಅಲ್ಲಿ ಇರಾಂವ, ಹೇಳೋ," ಎಂದು ನನ್ನನ್ನು ಕೇಳುತ್ತಿದ್ದರು.

ಹೇಳುವುದೇನು, ನನ್ನ ತಲೆ! ಬೆಳಗಾವಿಯಲ್ಲೂ ಸೆಕೆಯೇ. ಆದರೆ ಬೇಸಿಗೆಯಲ್ಲಿ ಯಾರಿಗೆ ಸೆಕೆಯಾಗುವುದಿಲ್ಲ?

ಕೊನೆಗೆ ಗೆರೆ ಏರುವ ಕಾರಣ ಕಂಡುಹಿಡಿದವರು ಕಾಕುವೇ. ನಮ್ಮದು ಜೈನರ ಮನೆತನ. ಕಾಸಿದ ನೀರನ್ನೇ ಕುಡಿಯುವ ವ್ರತ ಹಿಡಿದಿದ್ದರು ಅವರು. ನೆರೆಯ ಮುದುಕಿಯರೂ ಒಬ್ಬೊಬ್ಬರಾಗಿ ಅದೇ ವ್ರತ ಹಿಡಿದು ನೀರಿಗೆ ಇಲ್ಲಿಗೇ ಬರತೊಡಗಿದರು. ಹಂಡೆ ದೊಡ್ಡದಾಯಿತು, ಒಲೆ ಉರಿಯುವ ಹೊತ್ತೂ ಬೆಳೆಯಿತು. ಒಲೆ ಇದ್ದದ್ದು ಥರ್ಮಾಮೀಟರು ತೂಗುತ್ತಿದ್ದ ಗೋಡೆಯ ಒಳಬದಿಗೆ! ಒಂದು ದಿನ ಕಾಕು ಥರ್ಮಾಮೀಟರಿನ ಬಳಿ ಗೋಡೆಗೆ ಅಂಗೈ ಇಟ್ಟು ಬಿದ್ದು ಬಿದ್ದು ನಕ್ಕರು.

"ಅಯ್ಯ ನಮ್ಮವ್ವ! ಇದು ಬಿಸಿಲಿನ ಕಾವಲ್ರೀ, ನನ್ನ ಒಲಿ ಕಾವು! ಬಸದಿ ಬಿಟ್ಟು ನಾ ಎಲ್ಲಿಗೂ ಬರೂದಿಲ್ಲ ನೋಡ್ರಿ."

ಕಾಕಾ ಪೆಚ್ಚಾದರೂ ಅವರ ಎದೆ ಹಗುರಾಯಿತು. ಥರ್ಮಾಮೀಟರು ಬೇವಿನ ನೆರಳಿಗೆ ಹೋಯಿತು, ಪಾದರಸ ಇಳಿಯಿತು, ಮನೆ ಮಾರುವ ಮಾತು ನಿಂತಿತು. ಆದರೆ ಆ ಜಾಗಕ್ಕೆ ಹಿಂದಿನ ವರ್ಷಗಳ ಗೆರೆಯೇ ಇರಲಿಲ್ಲ. ಹೋಲಿಸುವುದು ಯಾವುದಕ್ಕೆ?

ಮರುಬೇಸಿಗೆಯ ಒಂದು ಮಧ್ಯಾಹ್ನ, ಬಸದಿಯಿಂದ ಮರಳುತ್ತಿದ್ದ ಕಾಕು ದಾರಿಯಲ್ಲೇ ಕುಸಿದರು. ಮತ್ತೆ ಏಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಕಾಕಾ ನನ್ನ ಕೈ ಹಿಡಿದುಕೊಂಡರು. "ಒಲಿ ಕಾರಣ ಅಂತ ನಂಬಿ ಸುಮ್ನ ಕುಂತೆ. ಒಲೀನೂ ಖರೇ, ಬಿಸಿಲೂ ಖರೇ ಇದ್ರ? ಎರಡೂ ಕೂಡೇ ಏರಿದ್ರ? ಬೆಳಗಾವಿಗೆ ಬಂದಿದ್ರ ಆಕಿ ಉಳೀತಿದ್ಳೇನೋ?"

ನನಗೆ ದುಃಖ ಉಕ್ಕಿ ಬಂತು. "ಗೊತ್ತಿಲ್ರಿ ಕಾಕಾ," ಎಂದೆ.

"ಬಂದವರೆಲ್ಲಾ ಗೊತ್ತಿದ್ದಂಗ ಮಾತಾಡಿ ಹೋದ್ರು. ನೀ ಒಬ್ಬಾಂವರೆ ಗೊತ್ತಿಲ್ಲ ಅಂದಿ," ಎಂದ ಕಾಕಾ ಅವತ್ತು ಮೊದಲ ಸಲ ಅತ್ತರು.

ಮಳೆಗಾಲ ಮುಗಿಯುವುದರೊಳಗೆ ಅವರೂ ಹೋದರು. ಈಗಲೂ ಯಾರಾದರೂ "ಈ ವರ್ಷ ಬಿಸಿಲು ಹೆಚ್ಚು" ಎಂದರೆ ಹೂಂ ಎನ್ನಲಾರೆ, ಊಹೂಂ ಎನ್ನಲಾರೆ. "ಗೊತ್ತಿಲ್ಲ" ಎನ್ನುತ್ತೇನೆ; ಕಾಕಾ ಮತ್ತೆ ನನ್ನ ಕೈ ಹಿಡಿದುಕೊಂಡಂತಾಗುತ್ತದೆ.